ಯೂಟಾದ ಜಮೀನು ಯೂಟಾದ್ದಲ್ಲ

ಒಬ್ಬ ಅಧ್ಯಕ್ಷರು ಗಡಿ ಹಾಕಿದರು, ಇನ್ನೊಬ್ಬರು ಕಿತ್ತರು, ಮೂರನೆಯವರು ಬಂದು ಮತ್ತೆ ಹಾಕಿದರು, ಈಗ ಕಿತ್ತವರೇ ವಾಪಸ್ ಬಂದು ಕೂತಿದ್ದಾರೆ. ಎರಡು ಪಕ್ಷಗಳ ಹಗ್ಗಜಗ್ಗಾಟ ಇದು, ಇದರಲ್ಲಿ ನ್ಯಾಯ ಅನ್ಯಾಯದ ಮಾತೆಲ್ಲಿ ಬಂತು? ಅಮೆರಿಕದ ರಾಷ್ಟ್ರೀಯ ಸ್ಮಾರಕಗಳ ಪ್ರಸ್ತಾಪ ಬಂದಾಗ ಓದಿದವರು, ತಿಳಿದವರು ಹೇಳುವ ಮಾತಿದು. ರಜೆ ಬಂದರೆ ಕ್ಯಾಲಿಫೋರ್ನಿಯಾದಿಂದ ಕಾರು ಹತ್ತಿ ಗ್ರ್ಯಾಂಡ್ ಕ್ಯಾನ್ಯನ್, ಝಯಾನ್ ನೋಡಿ ಬರುವ ನಮ್ಮ ಕನ್ನಡಿಗರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಎಲ್ಲೋ ವಾಷಿಂಗ್ಟನ್‌ನಲ್ಲಿ ಕೂತವರಿಗೆ ಯೂಟಾದ ಬೆಟ್ಟಗುಡ್ಡದ ಮೇಲೇನು ಹಕ್ಕು? ಅಲ್ಲಿನ ಜಮೀನನ್ನು ಅಲ್ಲಿನವರಿಗೇ ಬಿಟ್ಟುಕೊಡಲಿ.

ಎರಡೂ ಕೇಳಲು ಸಮತೂಕದ ಮಾತುಗಳು. ಆದರೆ ಎರಡೂ ಸುಳ್ಳು. ಮೊದಲನೆಯದು ಕಾಯುವವನನ್ನೂ ಕದಿಯುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಎರಡನೆಯದು ಅಲ್ಲಿನವರು ಯಾರು ಎಂಬುದನ್ನೇ ಕೇಳುವುದಿಲ್ಲ.

ಅಮೆರಿಕದಲ್ಲಿ ರಾಷ್ಟ್ರೀಯ ಸ್ಮಾರಕ ಅಂದರೆ ನಮ್ಮಲ್ಲಿಯಂತೆ ಒಂದು ಗುಡಿಯೋ ಗೋರಿಯೋ ಕೋಟೆಯೋ ಮಾತ್ರ ಆಗಬೇಕಿಲ್ಲ. ಲಕ್ಷಗಟ್ಟಲೆ ಎಕರೆಯ ಕಣಿವೆ, ಮರುಭೂಮಿ, ಕಾಡು ಕೂಡ ಸ್ಮಾರಕವೇ. 1906ರ ಪುರಾವಸ್ತು ಕಾಯ್ದೆ ಅಧ್ಯಕ್ಷರಿಗೆ ಈ ಅಧಿಕಾರ ಕೊಟ್ಟಿತು: ಈಗಾಗಲೇ ಕೇಂದ್ರ ಸರ್ಕಾರದ ಒಡೆತನದಲ್ಲಿರುವ ಜಮೀನಿನಲ್ಲಿ ಚಾರಿತ್ರಿಕ ಅಥವಾ ವೈಜ್ಞಾನಿಕ ಮಹತ್ವದ್ದು ಏನಾದರೂ ಇದ್ದರೆ ಅದರ ಸುತ್ತ ಗಡಿ ಗುರುತಿಸಿ ಕಾಯಬಹುದು. ಈಗಾಗಲೇ ಸರ್ಕಾರದ ಒಡೆತನದಲ್ಲಿರುವ ಜಮೀನು ಎಂಬುದನ್ನು ಗಮನಿಸಬೇಕು. ಯಾರ ಹೊಲವನ್ನೂ ಇದಕ್ಕಾಗಿ ಸ್ವಾಧೀನ ಮಾಡಿಕೊಳ್ಳುವುದಿಲ್ಲ, ಯಾರ ಮನೆಯನ್ನೂ ಒಕ್ಕಲೆಬ್ಬಿಸುವುದಿಲ್ಲ. ಕಾಯ್ದೆಗೆ ಸಹಿ ಹಾಕಿದ್ದು ಥಿಯೋಡೋರ್ ರೂಸ್ವೆಲ್ಟ್, ರಿಪಬ್ಲಿಕನ್ ಪಕ್ಷದವರು. ನೈರುತ್ಯ ಅಮೆರಿಕದ ಪ್ರಾಚೀನ ವಸತಿಗಳಿಂದ ಮಡಕೆ, ಬುಟ್ಟಿ, ಮನುಷ್ಯರ ಅಸ್ಥಿಯನ್ನು ಕೂಡ ಅಗೆದು ಪೆಟ್ಟಿಗೆ ತುಂಬಿ ಮಾರುತ್ತಿದ್ದ ಕಾಲ ಅದು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕೂತು ಚರ್ಚಿಸಿ ಪ್ರತಿಯೊಂದಕ್ಕೂ ಕಾನೂನು ಮಾಡುವಷ್ಟರಲ್ಲಿ ಎಲ್ಲ ಖಾಲಿಯಾಗಿರುತ್ತದೆ ಎಂದೇ ಅಧ್ಯಕ್ಷರ ಕೈಗೆ ಈ ಅಧಿಕಾರ ಬಂದದ್ದು.

ಬೇರ್ಸ್ ಇಯರ್ಸ್ ಕಥೆ ಎಲ್ಲರ ಬಾಯಲ್ಲಿರುವುದರಿಂದ ಅದನ್ನೇ ತೆಗೆದುಕೊಳ್ಳೋಣ. ಯೂಟಾ ರಾಜ್ಯದ ಆಗ್ನೇಯ ಮೂಲೆಯಲ್ಲಿ ಕರಡಿಯ ಕಿವಿಗಳಂತೆ ಎದ್ದು ನಿಂತ ಎರಡು ಗುಡ್ಡಗಳು, ಅವುಗಳ ಸುತ್ತ ಕೆಂಪು ಮರಳುಗಲ್ಲಿನ ಕಣಿವೆಗಳು. ಅಲ್ಲಿನ ಬಂಡೆಯ ಪೊಟರೆಗಳಲ್ಲಿ ಎಂಟುನೂರು, ಸಾವಿರ ವರ್ಷದ ಹಿಂದೆ ಹೋಪಿ, ಝುನಿ ಮುಂತಾದ ಪ್ಯುಬ್ಲೊ ಜನರ ಪೂರ್ವಿಕರು ಕಟ್ಟಿದ ಮನೆಗಳು, ಕಣಜಗಳು ಹಾಗೇ ನಿಂತಿವೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ನಡುವೆ ಮೆತ್ತಿದ ಮಣ್ಣಿನಲ್ಲಿ ಬೆರಳಿನ ಗುರುತು ಕಾಣುತ್ತದೆ. ಗೋಡೆ ಮೆತ್ತಿದವರು ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಸಂದಿಗೆ ತುಂಬಿದ್ದಾರೆ, ಆ ಒತ್ತು ಒಣಗಿ ಹಾಗೇ ಉಳಿದಿದೆ. ನೆಲದ ಮೇಲೆ ಬೆರಳುದ್ದದ ಮುಸುಕಿನ ಜೋಳದ ಒಣ ದಿಂಡುಗಳು. ಪಕ್ಕದ ಬಂಡೆಯ ಮೇಲೆ ಜೋಳ ಅರೆದೂ ಅರೆದೂ ಸವೆದ ತಗ್ಗು. ಇವೆಲ್ಲ ಇರುವುದು ಗಾಜಿನ ಪೆಟ್ಟಿಗೆಯಲ್ಲಿ ಅಲ್ಲ, ಬಯಲಲ್ಲಿ. ಅದೇ ಕಣಿವೆಗಳಲ್ಲಿ ಗುಂಡಿ ತೋಡಿ, ಮಣ್ಣು ಜರಡಿ ಹಿಡಿದು, ಒಳ್ಳೆಯ ಮಡಕೆಯನ್ನಷ್ಟೇ ಆರಿಸಿ, ಉಳಿದ ಚೂರುಗಳನ್ನು ಎಸೆದು ಹೋದ ಜಾಗಗಳೂ ಇವೆ. 2009ರಲ್ಲಿ ಸಮೀಪದ ಬ್ಲ್ಯಾಂಡಿಂಗ್ ಪಟ್ಟಣದಲ್ಲಿ ಕೇಂದ್ರ ತನಿಖಾಧಿಕಾರಿಗಳು ದಾಳಿ ಮಾಡಿ ಪುರಾವಸ್ತು ಮಾರುತ್ತಿದ್ದ ಜಾಲವನ್ನು ಹಿಡಿದರು. 1906ರ ರೋಗ ನೂರು ವರ್ಷ ಕಳೆದರೂ ಬಿಟ್ಟಿರಲಿಲ್ಲ.

ಈ ನೆಲವನ್ನು ಕಾಯಬೇಕೆಂದು ಮೊದಲು ಕೇಳಿದ್ದು ಒಬಾಮ ಅಲ್ಲ, ನ್ಯೂಯಾರ್ಕಿನ ಪರಿಸರವಾದಿಗಳೂ ಅಲ್ಲ. ಹೋಪಿ, ಝುನಿ, ನವಾಹೊ, ಯೂಟ್ ಮೌಂಟನ್ ಯೂಟ್, ಯುಯಿಂಟಾ ಮತ್ತು ಯೂರೆಯ ಯೂಟ್ ಎಂಬ ಐದು ಬುಡಕಟ್ಟುಗಳ ಸರ್ಕಾರಗಳು ಒಟ್ಟಾಗಿ 2015ರಲ್ಲಿ 19 ಲಕ್ಷ ಎಕರೆಯ ಪ್ರಸ್ತಾವವನ್ನು ವಾಷಿಂಗ್ಟನ್‌ಗೆ ಕೊಟ್ಟವು. ಒಬ್ಬರಿಗೊಬ್ಬರು ಹಳೆಯ ವ್ಯಾಜ್ಯವಿದ್ದ ಜನ, ಈ ನೆಲಕ್ಕಾಗಿ ಒಂದೇ ಜಗುಲಿಯ ಮೇಲೆ ಕೂತರು. 2016ರ ಡಿಸೆಂಬರ್ 28ರಂದು ಒಬಾಮ ಘೋಷಿಸಿದ್ದು 13.5 ಲಕ್ಷ ಎಕರೆ, ಅಂದರೆ ಕೇಳಿದ್ದಕ್ಕಿಂತ ಕಡಿಮೆ. 2017ರ ಡಿಸೆಂಬರ್ 4ರಂದು ಟ್ರಂಪ್ ಅದನ್ನು ಸುಮಾರು 2 ಲಕ್ಷ ಎಕರೆಗೆ ಇಳಿಸಿದರು. ನೂರರಲ್ಲಿ ಎಂಬತ್ತೈದು ಪಾಲು ಹೋಯಿತು. ಅದೇ ದಿನ ಕ್ಲಿಂಟನ್ 1996ರಲ್ಲಿ ಘೋಷಿಸಿದ್ದ ಗ್ರ್ಯಾಂಡ್ ಸ್ಟೇರ್‌ಕೇಸ್ ಎಸ್ಕಲಾಂಟೆ ಸ್ಮಾರಕವನ್ನು ಸುಮಾರು 19 ಲಕ್ಷದಿಂದ 10 ಲಕ್ಷ ಎಕರೆಗೆ ಕತ್ತರಿಸಿದರು. 2021ರ ಅಕ್ಟೋಬರ್‌ನಲ್ಲಿ ಬೈಡನ್ ಎರಡನ್ನೂ ಮೊದಲಿನಂತೆ ಮಾಡಿದರು.

ಈಗ ‘ಅಲ್ಲಿನವರು’ ಎಂಬ ಮಾತಿಗೆ ಬರೋಣ. ಬೇರ್ಸ್ ಇಯರ್ಸ್ ಇರುವ ಸ್ಯಾನ್ ಹುವಾನ್ ಕೌಂಟಿಯ ಜನರಲ್ಲಿ ಸುಮಾರು ಅರ್ಧದಷ್ಟು ಮೂಲನಿವಾಸಿಗಳು, ಬಹುಪಾಲು ನವಾಹೊ. 1864ರಲ್ಲಿ ಸೈನ್ಯ ನವಾಹೊ ಜನರನ್ನು ಊರು ಬಿಡಿಸಿ ನೂರಾರು ಮೈಲಿ ನಡೆಸಿಕೊಂಡು ಹೋದಾಗ 1866ರವರೆಗೆ ಶರಣಾಗದೆ ನಿಂತ ನಾಯಕ ಮನ್ಯುಯೆಲಿಟೊ ಹುಟ್ಟಿದ್ದು ಇದೇ ಗುಡ್ಡಗಳ ಹತ್ತಿರ. ಮೀಸಲು ಪ್ರದೇಶದಲ್ಲಿ ವಾಸಿಸುವ ಮೂಲನಿವಾಸಿಗಳಿಗೆ ಯೂಟಾ ರಾಜ್ಯ ಮತದಾನದ ಹಕ್ಕು ಕೊಟ್ಟಿದ್ದು 1957ರಲ್ಲಿ. ಅದರ ನಂತರವೂ ಕ್ಷೇತ್ರಗಳನ್ನು ಹೇಗೆ ಕತ್ತರಿಸಿದ್ದರೆಂದರೆ, ಅರ್ಧ ಜನಸಂಖ್ಯೆಯಿದ್ದರೂ ಮೂವರು ಸದಸ್ಯರ ಕೌಂಟಿ ಮಂಡಳಿಯಲ್ಲಿ ನವಾಹೊಗಳಿಗೆ ಒಂದಕ್ಕಿಂತ ಹೆಚ್ಚು ಸ್ಥಾನ ದಕ್ಕುತ್ತಿರಲಿಲ್ಲ. 2017ರಲ್ಲಿ ಫೆಡರಲ್ ನ್ಯಾಯಾಲಯ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿತು. 2018ರ ಚುನಾವಣೆಯಲ್ಲಿ ಮೊಟ್ಟಮೊದಲ ಬಾರಿಗೆ ನವಾಹೊ ಬಹುಮತ ಬಂತು. ಆ ಮಂಡಳಿ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು, ಸ್ಮಾರಕವನ್ನು ವಿರೋಧಿಸಿ ಕೌಂಟಿ ಹಿಂದೆ ಮಾಡಿದ್ದ ನಿರ್ಣಯಗಳನ್ನು ರದ್ದುಮಾಡಿದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಷ್ಟು ವರ್ಷ ‘ಸ್ಥಳೀಯರಿಗೆ ಇದು ಬೇಡ’ ಎಂದು ಯೂಟಾದ ಸೆನೆಟರುಗಳು, ಗವರ್ನರುಗಳು ಹೇಳಿದ ಮಾತನ್ನು ಪತ್ರಿಕೆಗಳು ಹಾಗೇ ಅಚ್ಚು ಹಾಕಿದವು. ಸ್ಥಳೀಯರ ಅರ್ಧ ಭಾಗದ ಬಾಯಿ ಕಟ್ಟಿ ಉಳಿದರ್ಧದ ದನಿಯನ್ನು ಸ್ಥಳೀಯರ ದನಿ ಎಂದು ಕರೆದರು. ಬಾಯಿ ಬಿಚ್ಚಿದ ದಿನವೇ ಉತ್ತರ ಬದಲಾಯಿತು. ಅರಿಝೋನಾ, ನ್ಯೂ ಮೆಕ್ಸಿಕೊದಲ್ಲಿರುವ ಹೋಪಿ, ಝುನಿ ಜನರನ್ನು ‘ಹೊರಗಿನವರು’ ಎನ್ನುವವರೂ ಇದ್ದಾರೆ. ಆ ಗೋಡೆಗಳಲ್ಲಿ ಬೆರಳು ಒತ್ತಿದವರ ಮಕ್ಕಳು ಮೊಮ್ಮಕ್ಕಳು ಹೊರಗಿನವರಾದರೆ, 1880ರ ಆಚೀಚೆ ಬಂಡಿ ಕಟ್ಟಿಕೊಂಡು ಬಂದು ನೆಲೆಸಿದವರ ವಂಶ ಒಳಗಿನದು ಹೇಗಾಗುತ್ತದೆ?

ಇನ್ನು ಯೂಟಾ ರಾಜ್ಯದ ಹಕ್ಕು. ‘ನಮ್ಮ ಜಮೀನು ವಾಪಸ್ ಕೊಡಿ’ ಎನ್ನುವ ಕೂಗಿನಲ್ಲಿ ‘ವಾಪಸ್’ ಎನ್ನುವುದಕ್ಕೆ ಆಧಾರವೇ ಇಲ್ಲ, ಏಕೆಂದರೆ ಈ ಜಮೀನು ಒಂದು ದಿನವೂ ಯೂಟಾದ್ದಾಗಿರಲಿಲ್ಲ. ಬುಡಕಟ್ಟುಗಳದ್ದಾಗಿತ್ತು. ಆಮೇಲೆ ಸ್ಪೇನ್, ಮೆಕ್ಸಿಕೊ ತಮ್ಮದೆಂದವು. 1848ರಲ್ಲಿ ಯುದ್ಧದ ಕೊನೆಗೆ ಅಮೆರಿಕದ ಕೇಂದ್ರ ಸರ್ಕಾರಕ್ಕೆ ಬಂತು. ಯೂಟಾ ರಾಜ್ಯವಾಗಿದ್ದು 1896ರಲ್ಲಿ. ರಾಜ್ಯದ ದರ್ಜೆ ಬೇಕಾದರೆ ಹಂಚಿಕೆಯಾಗದ ಸರ್ಕಾರಿ ಜಮೀನಿನ ಮೇಲೆ ಶಾಶ್ವತವಾಗಿ ಹಕ್ಕು ಬಿಟ್ಟುಕೊಡಬೇಕೆಂದು 1894ರ ಕಾಯ್ದೆ ಷರತ್ತು ಹಾಕಿತ್ತು, ಯೂಟಾ ಅದನ್ನು ಒಪ್ಪಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಬದಲಿಗೆ ಶಾಲೆ ಮುಂತಾದ ಕಾರ್ಯಗಳಿಗೆಂದು 75 ಲಕ್ಷ ಎಕರೆ ಪಡೆಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾರಿಕೊಂಡಿತು. ನೆರೆಯ ನೆವಾಡ ರಾಜ್ಯಕ್ಕೆ ಸಿಕ್ಕಿದ್ದು ಸುಮಾರು 27 ಲಕ್ಷ ಎಕರೆ, ಇವತ್ತು ಅದರಲ್ಲಿ ಉಳಿದಿರುವುದು ಕೆಲವೇ ಸಾವಿರ. ರಾಜ್ಯಕ್ಕೆ ಕೊಟ್ಟರೆ ಜಮೀನು ಜನರಲ್ಲಿ ಉಳಿಯುತ್ತದೆ ಎನ್ನುವವರು ಈ ಲೆಕ್ಕವನ್ನು ನೋಡಲಿ. ರಾಜ್ಯಗಳು ತಮ್ಮ ಬಜೆಟ್ಟನ್ನು ಸರಿತೂಗಿಸಲೇಬೇಕು. ಒಂದು ಬೇಸಿಗೆ ಕಾಡ್ಗಿಚ್ಚು ದೊಡ್ಡದಾಗಿ ಎದ್ದರೆ ಅದನ್ನು ಆರಿಸುವ ಖರ್ಚಿಗೇ ಎಕರೆಗಳನ್ನು ಹರಾಜಿಗಿಡಬೇಕಾಗುತ್ತದೆ. ಇಷ್ಟಾದರೂ ಯೂಟಾ 2024ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1.85 ಕೋಟಿ ಎಕರೆಯ ಮೇಲೆ ಕೇಂದ್ರದ ಒಡೆತನವೇ ಅಸಂವಿಧಾನಿಕ ಎಂದು ವಾದಿಸಿತು. 2025ರ ಜನವರಿಯಲ್ಲಿ ಕೋರ್ಟು ಆ ದಾವೆಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.

ಪಕ್ಷಗಳ ಹಗ್ಗಜಗ್ಗಾಟ ಎಂಬ ಮಾತಿಗೆ ಯೂಟಾದ ಪ್ರವಾಸೋದ್ಯಮ ಇಲಾಖೆಯ ಜಾಹೀರಾತೇ ಉತ್ತರ. ಜಗತ್ತಿನ ಪ್ರವಾಸಿಗಳನ್ನು ಅದು ಕರೆಯುವುದು ತನ್ನ ಐದು ರಾಷ್ಟ್ರೀಯ ಉದ್ಯಾನಗಳ ಹೆಸರಿನಲ್ಲಿ. ಅವುಗಳಲ್ಲಿ ಝಯಾನ್, ಬ್ರೈಸ್ ಕ್ಯಾನ್ಯನ್, ಆರ್ಚಸ್, ಕ್ಯಾಪಿಟಲ್ ರೀಫ್ ಈ ನಾಲ್ಕೂ ಮೊದಲು ಇದೇ 1906ರ ಕಾಯ್ದೆಯಡಿ ಘೋಷಿತವಾದ ಸ್ಮಾರಕಗಳು. ಝಯಾನ್ 1909ರಲ್ಲಿ ಟ್ಯಾಫ್ಟ್ ಕೈಯಲ್ಲಿ, ಬ್ರೈಸ್ 1923ರಲ್ಲಿ ಹಾರ್ಡಿಂಗ್ ಕೈಯಲ್ಲಿ, ಆರ್ಚಸ್ 1929ರಲ್ಲಿ ಹೂವರ್ ಕೈಯಲ್ಲಿ. ಮೂವರೂ ರಿಪಬ್ಲಿಕನ್ನರು. ಗ್ರ್ಯಾಂಡ್ ಕ್ಯಾನ್ಯನ್ ಕೂಡ ಹೀಗೇ ಉಳಿದದ್ದು. 1908ರಲ್ಲಿ ರೂಸ್ವೆಲ್ಟ್ 8 ಲಕ್ಷ ಎಕರೆಗೆ ಗಡಿ ಹಾಕಿದಾಗ, ಕಣಿವೆಗೆ ಇಳಿಯುವ ಬ್ರೈಟ್ ಏಂಜಲ್ ಹಾದಿಯ ಮೇಲೆ ಗಣಿ ಹಕ್ಕು ಹೂಡಿಕೊಂಡು, ಬಂದವರಿಂದ ತಲಾ ಒಂದು ಡಾಲರ್ ಸುಂಕ ಎತ್ತುತ್ತಿದ್ದ ರಾಲ್ಫ್ ಕ್ಯಾಮರೂನ್ ಜಾಗ ಬಿಡಲಿಲ್ಲ, ವ್ಯಾಜ್ಯ ಕೋರ್ಟಿಗೆ ಹೋಯಿತು. ಇಷ್ಟು ದೊಡ್ಡ ಜಾಗ ಸ್ಮಾರಕ ಹೇಗಾಗುತ್ತದೆ ಎಂದು ಅವತ್ತು ಅವರು ಕೇಳಿದ ಪ್ರಶ್ನೆಯನ್ನೇ ಇವತ್ತಿನವರೂ ಕೇಳುತ್ತಿದ್ದಾರೆ. 1920ರಲ್ಲಿ ಸುಪ್ರೀಂ ಕೋರ್ಟು ರೂಸ್ವೆಲ್ಟ್ ಮಾಡಿದ್ದು ಸರಿ ಎಂದಿತು. ಸೋತ ಕ್ಯಾಮರೂನ್ ಅರಿಝೋನಾದ ಸೆನೆಟರ್ ಆದರು. ಅವರ ಮಾತು ನಡೆದಿದ್ದರೆ ಇವತ್ತು ನಮ್ಮವರು ಫೋಟೊ ತೆಗೆಸಿಕೊಳ್ಳಲು ನಿಲ್ಲುವ ಅಂಚಿನಲ್ಲಿ ಯಾರದ್ದೋ ಖಾಸಗಿ ಗೇಟು ಇರುತ್ತಿತ್ತು.

ವಯೋಮಿಂಗ್ ರಾಜ್ಯದ ಜ್ಯಾಕ್ಸನ್ ಹೋಲ್ ಕಥೆಯನ್ನೂ ಹೇಳಬೇಕು, ಏಕೆಂದರೆ ಅಲ್ಲಿ ಪ್ರತಿಭಟಿಸಿದವರು ಸುಂಕ ಎತ್ತುವವರಾಗಿರಲಿಲ್ಲ, ದನ ಸಾಕುವ ರೈತರು. ಫ್ರಾಂಕ್ಲಿನ್ ರೂಸ್ವೆಲ್ಟ್ 1943ರಲ್ಲಿ ಅಲ್ಲಿ ಸ್ಮಾರಕ ಘೋಷಿಸಿದಾಗ ರೈತರು ಬಂದೂಕು ಹಿಡಿದು ದನಗಳನ್ನು ಆ ನೆಲದ ಮೇಲೆಯೇ ಹೊಡೆದುಕೊಂಡು ಹೋದರು. ಕಾಂಗ್ರೆಸ್ ಸ್ಮಾರಕ ರದ್ದುಮಾಡುವ ಮಸೂದೆಯನ್ನೇ ಪಾಸು ಮಾಡಿತು, ರೂಸ್ವೆಲ್ಟ್ ಸಹಿ ಹಾಕದೆ ಬಿಟ್ಟರು. 1950ರಲ್ಲಿ ಅದು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಸೇರಿತು. ಅಂದು ದನ ಹೊಡೆದವರಲ್ಲಿದ್ದ ಕ್ಲಿಫರ್ಡ್ ಹ್ಯಾನ್ಸನ್ ಮುಂದೆ ರಾಜ್ಯದ ಗವರ್ನರ್ ಆದರು, ಸೆನೆಟರ್ ಆದರು. ಆ ಹೋರಾಟದಲ್ಲಿ ತಾನು ಸೋತದ್ದೇ ಒಳ್ಳೆಯದಾಯಿತೆಂದು ವಯಸ್ಸಾದ ಮೇಲೆ ಅವರೇ ಹೇಳಿಕೊಂಡರು. ಅಂಥ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ಆದರೆ 2017ರ ಕತ್ತರಿಯ ಹಿಂದೆ ಇದ್ದದ್ದು ದನಗಾಹಿಯ ಕಷ್ಟವಲ್ಲ. ಒಬಾಮ ಘೋಷಣೆ ದನ ಮೇಯಿಸುವ ಗುತ್ತಿಗೆಗಳನ್ನು ಮುಟ್ಟಿರಲಿಲ್ಲ, ಸೌದೆ, ಔಷಧಿ ಗಿಡ, ಪಿನ್ಯನ್ ಬೀಜ ಆರಿಸುವ ಬುಡಕಟ್ಟುಗಳ ಪದ್ಧತಿಯನ್ನು ಉಳಿಸಿತ್ತು, ಅದಾಗಲೇ ಇದ್ದ ಗಣಿ ಹಕ್ಕುಗಳನ್ನೂ ಮಾನ್ಯ ಮಾಡಿತ್ತು. ನಿಂತದ್ದು ಮುಖ್ಯವಾಗಿ ಹೊಸ ಗಣಿ, ಹೊಸ ತೈಲ ಗುತ್ತಿಗೆ. ಗಡಿ ಕಿರಿದು ಮಾಡಿ ಎಂದು 2017ರಲ್ಲಿ ಸರ್ಕಾರಕ್ಕೆ ಪತ್ರ ಬರೆದವರಲ್ಲಿ ಎನರ್ಜಿ ಫ್ಯುಯಲ್ಸ್ ಎಂಬ ಯುರೇನಿಯಂ ಕಂಪನಿಯೂ ಇತ್ತು. ಸ್ಮಾರಕದ ಪಕ್ಕದಲ್ಲೇ, ಯೂಟ್ ಮೌಂಟನ್ ಯೂಟ್ ಜನರ ವೈಟ್ ಮೇಸಾ ಊರಿನ ಹತ್ತಿರ, ಅದರ ಯುರೇನಿಯಂ ಅದಿರಿನ ಕಾರ್ಖಾನೆಯಿದೆ. ಗ್ರ್ಯಾಂಡ್ ಸ್ಟೇರ್‌ಕೇಸ್‌ನಿಂದ ಹೊರಗೆ ಬಿಟ್ಟ ಭಾಗದಲ್ಲಿ ಕೈಪರೋವಿಟ್ಸ್ ಪ್ರಸ್ಥಭೂಮಿಯ ಕಲ್ಲಿದ್ದಲು ಇತ್ತು. ಅದೇ ಪ್ರಸ್ಥಭೂಮಿಯ ಕಲ್ಲಿನ ಪದರದಿಂದಲೇ ವಿಜ್ಞಾನಿಗಳು ತಲೆಯ ಮೇಲೆ 15 ಕೊಂಬಿನ ಕಾಸ್ಮೋಸೆರಾಟಾಪ್ಸ್ ಎಂಬ ಡೈನೋಸಾರನ್ನು ಹೊರತೆಗೆದು 2010ರಲ್ಲಿ ಹೆಸರಿಟ್ಟಿದ್ದರು. ಕಲ್ಲಿದ್ದಲು ತೋಡುವ ಯಂತ್ರ ಕೊಂಬು ಎಣಿಸುವುದಿಲ್ಲ.

2017ರಲ್ಲೇ ಒಳಾಡಳಿತ ಕಾರ್ಯದರ್ಶಿ ರಯಾನ್ ಝಿಂಕಿ 27 ಸ್ಮಾರಕಗಳ ಮರುಪರಿಶೀಲನೆ ನಡೆಸಿ ಜನಾಭಿಪ್ರಾಯ ಕೇಳಿದರು. 28 ಲಕ್ಷಕ್ಕೂ ಹೆಚ್ಚು ಪತ್ರ, ಅರ್ಜಿ ಬಂದವು. ಬಹುದೊಡ್ಡ ಪಾಲು ಸ್ಮಾರಕಗಳನ್ನು ಹಾಗೇ ಉಳಿಸಿ ಎಂದದ್ದೆಂದು ಅವರ ವರದಿಯೇ ಒಪ್ಪಿತು, ಅದೆಲ್ಲ ಸಂಘಟಿತ ಪ್ರಚಾರದ ಫಲ ಎಂದು ತಳ್ಳಿಹಾಕಿತು. ಪ್ರಜೆಗಳು ಸಂಘಟಿತರಾಗಿ ಮಾತಾಡಿದರೆ ಅದು ಲೆಕ್ಕಕ್ಕಿಲ್ಲ, ಕಂಪನಿಯೊಂದು ಲಾಬಿಗಾರರನ್ನಿಟ್ಟು ಮಾತಾಡಿದರೆ ಅದು ಸಲಹೆ!

ಸ್ಮಾರಕದ ಗಡಿಯಿಂದ ಹೊರಗಿಟ್ಟರೇನಾಯಿತು, ಪುರಾವಸ್ತು ಕದಿಯುವುದು ಹೇಗೂ ಅಪರಾಧವೇ ತಾನೆ, 1979ರ ಕಾಯ್ದೆಯಿದೆಯಲ್ಲ ಎಂದು ಕೇಳುವವರಿದ್ದಾರೆ. ಕಾಯ್ದೆಯಿದೆ, ನಿಜ. ಆದರೆ ಗಡಿಯ ಹೊರಗೆ 1872ರ ಗಣಿ ಕಾನೂನೂ ಇದೆ. ಹೊರಗಿನ ಸರ್ಕಾರಿ ಜಮೀನಿನಲ್ಲಿ ಯಾರು ಬೇಕಾದರೂ ಹೋಗಿ ಗೂಟ ಹೊಡೆದು ಯುರೇನಿಯಂ, ಚಿನ್ನ, ತಾಮ್ರಕ್ಕೆ ಹಕ್ಕು ಹೂಡಬಹುದು. ತೆಗೆದ ಅದಿರಿಗೆ ಕೇಂದ್ರ ಸರ್ಕಾರಕ್ಕೆ ಒಂದು ಕಾಸು ರಾಯಧನ ಕೊಡಬೇಕಿಲ್ಲ. ನೂರೈವತ್ತು ವರ್ಷ ಹಳೆಯ ಕಾನೂನು, ಇನ್ನೂ ಜಾರಿಯಲ್ಲಿದೆ. ಟ್ರಂಪ್ ಹೊರಗಿಟ್ಟ ಜಮೀನು 2018ರ ಫೆಬ್ರವರಿ 2ರಿಂದ ಈ ಕಾನೂನಿಗೆ ತೆರೆದುಕೊಂಡಿತು. ಆಗ ಯುರೇನಿಯಂ ಬೆಲೆ ಕುಸಿದಿದ್ದರಿಂದ ಗೂಟ ಹೊಡೆಯಲು ಜನ ಮುಗಿಬೀಳಲಿಲ್ಲ. ಏನೂ ಆಗಲಿಲ್ಲ ನೋಡಿ ಎಂದು ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. 2024ರ ಆರಂಭದಲ್ಲಿ ಅದೇ ಯುರೇನಿಯಂ ಪೌಂಡಿಗೆ 100 ಡಾಲರ್ ದಾಟಿತ್ತು. ಮಾರುಕಟ್ಟೆ ಮಲಗಿದ್ದ ಕಾಲವನ್ನು ತೋರಿಸಿ ಕಾವಲು ಬೇಡ ಎನ್ನುವುದು ಯಾವ ಬಗೆಯ ವಾದ? ನವಾಹೊ ನಾಡಿನಲ್ಲಿ 500ಕ್ಕೂ ಹೆಚ್ಚು ಯುರೇನಿಯಂ ಗಣಿಗಳು ತೋಡಿದವರು ಬಿಟ್ಟುಹೋದ ಸ್ಥಿತಿಯಲ್ಲೇ ಬಿದ್ದಿವೆ. 1944ರಿಂದ 1986ರವರೆಗೆ ಅಲ್ಲಿಂದ ಸುಮಾರು 3 ಕೋಟಿ ಟನ್ ಅದಿರು ಹೋಯಿತು, ದೂಳು ಮತ್ತು ಕಾಯಿಲೆ ಅಲ್ಲೇ ಉಳಿಯಿತು. ಆ ಜನರಿಗೆ ಹೋಗಿ ‘ಈ ಸಲ ಹಾಗಾಗುವುದಿಲ್ಲ’ ಎನ್ನುವ ಧೈರ್ಯ ಯಾರಿಗಿದೆಯೋ ಗೊತ್ತಿಲ್ಲ.

ಸಂರಕ್ಷಣೆಯ ಹೆಸರಿನಲ್ಲೂ ಈ ಜನರಿಗೆ ಅನ್ಯಾಯವಾಗಿದೆ, ಅದನ್ನು ಮುಚ್ಚಿಡುವವನಲ್ಲ ನಾನು. ಗ್ರ್ಯಾಂಡ್ ಕ್ಯಾನ್ಯನ್ ಒಳಗೂ ಮೇಲೂ ಬದುಕಿದ್ದ ಹವಾಸುಪಾಯ್ ಜನರನ್ನು 1882ರಲ್ಲಿ 518 ಎಕರೆಗೆ ಕೂಡಿಹಾಕಿದರು. ಅವರ ನೆಲದ ಒಂದು ಭಾಗ, 1.85 ಲಕ್ಷ ಎಕರೆ, ವಾಪಸ್ ಬಂದದ್ದು 1975ರಲ್ಲಿ. ಯಾರೂ ಇಲ್ಲದ ಕಾಡೆಂದು ತೋರಿಸಲು ಇದ್ದವರನ್ನು ಹೊರಗಟ್ಟಿದ ಉದ್ಯಾನಗಳು ಇನ್ನೂ ಇವೆ. ಬೇರ್ಸ್ ಇಯರ್ಸ್ ಆ ದಾರಿ ಬಿಟ್ಟು ನಡೆದ ಜಾಗ. ಇಲ್ಲಿ ಕೇಳಿದ್ದೇ ಬುಡಕಟ್ಟುಗಳು. 2022ರ ಜೂನ್‌ನಲ್ಲಿ ಐದೂ ಬುಡಕಟ್ಟುಗಳು ಕೇಂದ್ರ ಸರ್ಕಾರದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ ಸ್ಮಾರಕದ ಆಡಳಿತದಲ್ಲಿ ಪಾಲುದಾರರಾದವು. ಹಳೆಯ ಅನ್ಯಾಯವನ್ನು ನೆಪ ಮಾಡಿಕೊಂಡು, ಅದನ್ನು ತಿದ್ದಲು ಹೊರಟ ಮೊದಲ ಗಂಭೀರ ಪ್ರಯತ್ನವನ್ನೇ ಮುರಿಯಬೇಕೆನ್ನುವವರ ಕಾಳಜಿಯನ್ನು ನಾನು ನಂಬುವುದಿಲ್ಲ.

2025ರಲ್ಲಿ ಮಾತು ಗಡಿ ಕತ್ತರಿಸುವುದರಿಂದ ಮಾರಾಟಕ್ಕೆ ಬಂತು. ಪಶ್ಚಿಮದ 11 ರಾಜ್ಯಗಳಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಎಕರೆಗೂ ಮಿಕ್ಕಿ ಸರ್ಕಾರಿ ಜಮೀನನ್ನು ಮಾರಲೇಬೇಕೆಂಬ ಪ್ರಸ್ತಾವವನ್ನು ಯೂಟಾದ ಸೆನೆಟರ್ ಮೈಕ್ ಲೀ ಜೂನ್‌ನಲ್ಲಿ ಬಜೆಟ್ ಮಸೂದೆಯೊಳಗೆ ತುರುಕಿದರು. ಮನೆಗಳ ಕೊರತೆ ನೀಗಿಸಲು ಎಂದರು. ಊರಿನ ಗೋಮಾಳವನ್ನು ‘ಸುಮ್ಮನೆ ಬಿದ್ದ ಜಾಗ’ ಎಂದು ಮೊದಲು ಕರೆದು ಆಮೇಲೆ ನಿವೇಶನ ಮಾಡುವ ರೀತಿಯನ್ನು ಕಂಡ ಕನ್ನಡಿಗರಿಗೆ ಈ ವರಸೆಯನ್ನು ಬಿಡಿಸಿ ಹೇಳಬೇಕಿಲ್ಲ. ತಿರುಗಿ ಬಿದ್ದವರಲ್ಲಿ ಪರಿಸರವಾದಿಗಳಷ್ಟೇ ಇರಲಿಲ್ಲ. ಬೇಟೆಗಾರರು, ಮೀನು ಹಿಡಿಯುವವರು, ಟ್ರಂಪ್‌ಗೇ ಮತ ಹಾಕಿದ ಹಳ್ಳಿಯವರು ತಮ್ಮ ಸೆನೆಟರುಗಳಿಗೆ ಫೋನು ಮಾಡಿದರು. ಮೊಂಟಾನಾ, ಐಡಹೊ ರಾಜ್ಯಗಳ ರಿಪಬ್ಲಿಕನ್ ಸೆನೆಟರುಗಳು ಒಪ್ಪಲಿಲ್ಲ. 2017ರಲ್ಲಿ ಸ್ಮಾರಕಗಳಿಗೆ ಕತ್ತರಿ ಶಿಫಾರಸು ಮಾಡಿದ್ದ ಝಿಂಕಿಯವರೇ ಈಗ ಕಾಂಗ್ರೆಸ್ ಸದಸ್ಯರಾಗಿ ಜಮೀನು ಮಾರಾಟದ ವಿರುದ್ಧ ನಿಂತರು. ಜೂನ್ 28ರಂದು ಲೀ ಪ್ರಸ್ತಾವವನ್ನು ಹಿಂತೆಗೆದುಕೊಂಡರು. ಸುಮಾರು 64 ಕೋಟಿ ಎಕರೆಯ ಒಡೆಯರು ತಾವು ಎಂಬುದು ಆ ದೇಶದ ಸಾಮಾನ್ಯರಿಗೆ ಗೊತ್ತಿದೆ. ಗೊತ್ತಿಲ್ಲದವರಂತೆ ಬರೆಯುವವರು ಹಗ್ಗಜಗ್ಗಾಟದ ವಿಶ್ಲೇಷಕರು.

ಒಬ್ಬ ಅಧ್ಯಕ್ಷರು ಕೊಟ್ಟದ್ದನ್ನು ಇನ್ನೊಬ್ಬರು ಕಿತ್ತುಕೊಳ್ಳಬಹುದು ಎಂಬ ವಾದಕ್ಕೆ ಕಾನೂನಿನ ಬಲವೂ ತೆಳುವೇ. 1906ರ ಕಾಯ್ದೆಯಲ್ಲಿ ಘೋಷಿಸುವ ಅಧಿಕಾರವಿದೆ, ರದ್ದುಮಾಡುವ ಮಾತಿಲ್ಲ. ಸಾರ್ವಜನಿಕ ಜಮೀನಿನ ವಿಷಯದಲ್ಲಿ ಸಂವಿಧಾನ ಅಧಿಕಾರ ಕೊಟ್ಟಿರುವುದು ಕಾಂಗ್ರೆಸ್‌ಗೆ. ಅದು ಬಿಟ್ಟುಕೊಟ್ಟಷ್ಟೇ ಅಧ್ಯಕ್ಷರದ್ದು. ಸ್ಮಾರಕ ರದ್ದುಮಾಡುವ ಅಧಿಕಾರ ಅಧ್ಯಕ್ಷರಿಗಿಲ್ಲವೆಂದು 1938ರಲ್ಲಿ ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಲಿಖಿತ ಅಭಿಪ್ರಾಯ ಕೊಟ್ಟಿದ್ದರು. ವುಡ್ರೋ ವಿಲ್ಸನ್ 1915ರಲ್ಲಿ ಮೌಂಟ್ ಒಲಿಂಪಸ್ ಸ್ಮಾರಕವನ್ನು ಅರ್ಧಕ್ಕಿಳಿಸಿದ್ದು ನಿಜ; ಆಗ ಯಾರೂ ಕೋರ್ಟಿಗೆ ಹೋಗಲಿಲ್ಲ ಎಂಬುದರಿಂದ ಅದು ನ್ಯಾಯವಾಗುವುದಿಲ್ಲ. 2025ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಕಮಿಂಗ್ಸ್ ಅಭಿಪ್ರಾಯ ತಪ್ಪೆಂದು ಹೊಸ ಅಭಿಪ್ರಾಯ ಬರೆಯಿತು: ಅಧ್ಯಕ್ಷರು ಪೂರ್ತಿ ಸ್ಮಾರಕವನ್ನೇ ಅಳಿಸಿಹಾಕಬಹುದಂತೆ. ಎಂಬತ್ತೇಳು ವರ್ಷ ನಿಂತಿದ್ದ ನಿಲುವನ್ನು ಅಧ್ಯಕ್ಷರ ಅಧೀನದ ಇಲಾಖೆಯೇ ಅಧ್ಯಕ್ಷರ ಅನುಕೂಲಕ್ಕೆ ತಿರುಗಿಸಿತು. ಬುಡಕಟ್ಟುಗಳು 2017ರಲ್ಲಿ ಹೂಡಿದ ದಾವೆ ತೀರ್ಪಿಗೆ ಬರುವ ಮೊದಲೇ ಬೈಡನ್ ಗಡಿ ಮರಳಿಸಿದ್ದರಿಂದ ಕೋರ್ಟು ಈ ಪ್ರಶ್ನೆಗೆ ಉತ್ತರವನ್ನೇ ಹೇಳಲಿಲ್ಲ.

ಕಾಂಗ್ರೆಸ್ ಮಾತ್ರ ಗ್ರ್ಯಾಂಡ್ ಸ್ಟೇರ್‌ಕೇಸ್ ವಿಷಯದಲ್ಲಿ ತನ್ನ ಮಾತನ್ನು ಎಂದೋ ಹೇಳಿಯಾಗಿದೆ. ಆ ಸ್ಮಾರಕದ ಒಳಗೆ ಯೂಟಾದ ಶಾಲಾ ಜಮೀನಿನ ತುಂಡುಗಳು ಚದುರಿ ಬಿದ್ದಿದ್ದವು. ಅವುಗಳನ್ನು ಬಿಟ್ಟುಕೊಟ್ಟಿದ್ದಕ್ಕೆ ಬದಲಾಗಿ 1998ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಯೂಟಾಕ್ಕೆ ಬೇರೆ ಕಡೆ ಜಮೀನು ಮತ್ತು 5 ಕೋಟಿ ಡಾಲರ್ ನಗದು ಕೊಟ್ಟಿತು. ರಾಜ್ಯ ಅದನ್ನು ಒಪ್ಪಿ ಸಹಿ ಹಾಕಿ ತೆಗೆದುಕೊಂಡಿತು. ಆ ಗಡಿಯನ್ನು ಅಳಿಸಬೇಕೆನ್ನುವ ಯೂಟಾದ ನಾಯಕರು, ಆ ಜಮೀನನ್ನೂ ಆ 5 ಕೋಟಿ ಡಾಲರನ್ನೂ ಏನು ಮಾಡುತ್ತಾರೆಂದು ಮೊದಲು ಹೇಳಲಿ.